ಕಚಗುಳಿ ಕಾನೂನು

"ಹೊಡೆಯೋ ಹಾಗಿಲ್ಲ," ಎಂದ ಪ್ರಧಾನಮಂತ್ರಿ, ಮೇಜಿನ ಮೇಲೆ ಕೂತು ಕಾಲಾಡಿಸುತ್ತ. "ಹೊಡೆದ್ರೆ ಹೆಡ್‌ಮಿಸ್ ನಮ್ಮ ಸರ್ಕಾರನೇ ಬೀಳಿಸ್ತಾರೆ."

"ಯಾರು ಹೊಡೀತಾರೆ? ಬರೀ ಕಚಗುಳಿ," ಎಂದಳು ಗೃಹಮಂತ್ರಿ. "ಅವಳು ನಗ್ತಾಳೆ, ನಿಜ ಹೇಳ್ತಾಳೆ, ಮುಗೀತು."

ಐದನೇ ಕ್ಲಾಸಿನ ಪಕ್ಕದ ಖಾಲಿ ಕೋಣೆಯಲ್ಲಿ ಶಾಲೆಯ ಮಂತ್ರಿಮಂಡಲ ಸೇರಿತ್ತು. ಆಟದ ಸಾಮಾನಿನ ಕೋಣೆಯ ಕೀ ಕಾಣೆಯಾಗಿತ್ತು. ಬ್ಯಾಟು, ಬಾಲು ಎಲ್ಲ ಬೀಗದೊಳಗೆ. ಮೂರು ಗಂಟೆಗೆ ಆರನೇ ಕ್ಲಾಸಿನ ಜೊತೆ ಮ್ಯಾಚು. ಕೀಗಳ ಉಸ್ತುವಾರಿ ಗೃಹಮಂತ್ರಿಯದು. "ಮೂರರೊಳಗೆ ಕೀ ಸಿಗದಿದ್ರೆ ಮ್ಯಾಚೂ ಇಲ್ಲ, ನಿನ್ನ ಮಂತ್ರಿಗಿರಿಯೂ ಇಲ್ಲ," ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಪಾಪ, ಕಂಡಕಂಡವರ ಹೋಮ್‌ವರ್ಕ್ ಬರೆದುಕೊಟ್ಟು ಗೆದ್ದ ಮಂತ್ರಿಗಿರಿ ಅದು.

ಆ ಶಾಲೆಯಲ್ಲಿ ಒಂದು ಪದ್ಧತಿ. ಯಾರು ಕೀ ತೆಗೆದುಕೊಂಡರೂ ಅದನ್ನು ತೂಗುಹಾಕಿದ್ದ ಮೊಳೆಗೆ ತಮ್ಮ ಐಡಿ ಕಾರ್ಡ್ ನೇತುಹಾಕಬೇಕು. ಇವತ್ತು ಅಲ್ಲಿ ನೇತಾಡುತ್ತಿದ್ದದ್ದು ಎರಡನೇ ಕ್ಲಾಸಿನ ಬಟಾಣಿಯ ಕಾರ್ಡು. ಬಟಾಣಿ ಎಂದರೆ ಗೃಹಮಂತ್ರಿಯ ಚಿಕ್ಕಪ್ಪನ ಮಗಳು. ಇಬ್ಬರಿಗೂ ಒಂದೇ ಮನೆ, ಒಂದೇ ಹೊದಿಕೆ.

ಬಟಾಣಿಯನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು. "ನನ್ನ ಕಾರ್ಡು ಬೆಳಿಗ್ಗೆನೇ ಎಲ್ಲೋ ಬಿದ್ದೋಯ್ತು ಅಕ್ಕ. ಕೀ ನಾನು ನೋಡೇ ಇಲ್ಲ," ಎಂದು ಅವಳು ಆಗಲೇ ಎರಡು ಸಲ ಹೇಳಿಯಾಗಿತ್ತು.

"ಆ ಮೊಳೆ ಇವಳಿಗೆ ಎಟುಕಲ್ಲ ಕಣೇ," ಎಂದ ಆರೋಗ್ಯಮಂತ್ರಿ. ಅವನದು ಯಾವಾಗಲೂ ಏನಾದರೊಂದು ತಕರಾರು.

"ಕುರ್ಚಿ ಹಾಕ್ಕೊಂಡಿರ್ತಾಳೆ."

"ನಿಜವಾಗ್ಲೂ ತಗೊಂಡೇ ಇಲ್ಲದಿದ್ರೆ?"

"ಹಾಗಿದ್ರೆ ತಗೊಂಡಿಲ್ಲ ಅಂತ ಹೇಳ್ತಾಳೆ ಬಿಡು."

"ಈಗ ಅದನ್ನೇ ತಾನೆ ಹೇಳಿದ್ದು?"

ಪ್ರಧಾನಮಂತ್ರಿ ತಕ್ಷಣ ವೋಟಿಗೆ ಹಾಕಿದ. ಆರೋಗ್ಯಮಂತ್ರಿಯ ಕೈ ಬಿಟ್ಟು ಮಿಕ್ಕೆಲ್ಲ ಕೈ ಮೇಲೆದ್ದವು. ಕಾನೂನು ಪಾಸಾಯಿತು.

ಬಟಾಣಿಗೆ ಎಡಗಡೆಯ ಪಕ್ಕೆಲುಬಿನ ಕೆಳಗೆ ಒಂದು ಜಾಗವಿದೆ. ಅಲ್ಲಿ ಬೆರಳು ತೋರಿಸಿದರೂ ಸಾಕು, ನಕ್ಕು ನಕ್ಕು ಉರುಳಿಬಿಡುತ್ತಾಳೆ. ಅದು ಮನೆಯವರಿಗಷ್ಟೇ ಗೊತ್ತು. ಗೃಹಮಂತ್ರಿ ನೇರ ಅಲ್ಲಿಗೇ ಕೈ ಹಾಕಿದಳು.

"ಅಯ್ಯೋ ಅಕ್ಕ ಬಿಡು, ಹೇಳ್ತೀನಿ, ಹೇಳ್ತೀನಿ. ನೀರಿನ ಟ್ಯಾಂಕ್ ಹಿಂದೆ."

"ನೋಡಿದ್ರಾ?" ಎಂದು ಗೃಹಮಂತ್ರಿ ಹೆಮ್ಮೆಯಿಂದ ಬೀಗಿದಳು. ಸರ್ಕಾರ ಎದ್ದೂ ಬಿದ್ದೂ ಓಡಿತು. ಟ್ಯಾಂಕಿನ ಹಿಂದೆ ಒಂದು ಹರಿದ ಚಪ್ಪಲಿ, ಒಂದು ಸಿಡುಕು ಮೋರೆಯ ಬೆಕ್ಕು ಇದ್ದವು. ಕೀ ಇರಲಿಲ್ಲ.

ಮತ್ತೆ ಕಚಗುಳಿ. "ಹೂಕುಂಡದಲ್ಲಿ, ಹೂಕುಂಡದಲ್ಲಿ." ಯಾವ ಕುಂಡ ಎಂದು ಕೇಳುವುದಕ್ಕೆ ಯಾರಿಗೂ ತಾಳ್ಮೆಯಿಲ್ಲ. ಆರು ಕುಂಡ ಕೆದಕಿದ್ದಾಯಿತು. ಕ್ರೀಡಾಮಂತ್ರಿಯ ಉಗುರಿಗೆಲ್ಲ ಮಣ್ಣು. ಸಿಕ್ಕಿದ್ದು ಎರಡು ಎರೆಹುಳ.

"ಯಾರಿಗೆ ಕೊಟ್ಟೆ ಹೇಳು."

ಬಟಾಣಿ ಏದುಸಿರು ಬಿಡುತ್ತ ಸುತ್ತ ನೋಡಿ, ಎದುರಿಗೆ ಕಂಡವನ ಕಡೆ ಬೆರಳು ಮಾಡಿದಳು. ಅವನು ಪ್ರಧಾನಮಂತ್ರಿ.

"ಏ, ಶುದ್ಧ ಸುಳ್ಳು ಇದು," ಎಂದು ಅವನು ಮೇಜಿನಿಂದ ಕೆಳಗಿಳಿದುಬಿಟ್ಟ.

"ಓಹೋ, ನಿನ್ನ ಹೆಸರು ಬಂದಾಗ ಮಾತ್ರ ಸುಳ್ಳಾ?" ಎಂದ ಆರೋಗ್ಯಮಂತ್ರಿ.

ಆಮೇಲೆ ಬಟಾಣಿ ಯಾರೂ ಕೇಳದಿದ್ದರೂ ಲೈಬ್ರರಿ ಕಿಟಕಿಯ ಗಾಜು ಒಡೆದದ್ದೂ ತಾನೇ ಎಂದು ಒಪ್ಪಿಕೊಂಡಳು. ಆ ಗಾಜು ಒಡೆದಾಗ ಅವಳು ಈ ಶಾಲೆಗೇ ಸೇರಿರಲಿಲ್ಲ.

ಗಡಿಯಾರದಲ್ಲಿ ಎರಡೂ ಮುಕ್ಕಾಲು. "ಇನ್ನೊಂದೇ ಸಲ," ಎಂದು ಗೃಹಮಂತ್ರಿ ತಂಗಿಯ ಎರಡು ಕೈಯನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡಳು.

ಈ ಸಲವೂ ಬಟಾಣಿ ನಕ್ಕಳು. ಆದರೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಬೆಂಚಿನ ಕೆಳಗೆ ನೆಲ ಒದ್ದೆಯಾಯಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗೃಹಮಂತ್ರಿ ಹಿಡಿದ ಕೈ ಬಿಟ್ಟು, ತನ್ನ ಸ್ವೆಟರ್ ಬಿಚ್ಚಿ ತಂಗಿಯ ಸೊಂಟಕ್ಕೆ ಕಟ್ಟಿದಳು.

ನೆಲ ಒರೆಸಲು ಬಂದ ಆಯಾ ಬಟಾಣಿಯನ್ನು ಎತ್ತಿಕೊಂಡರು. "ನಿನ್ನ ಕಾರ್ಡ್ ಸಿಕ್ತೇನೇ ಪುಟ್ಟಿ? ಬೆಳಿಗ್ಗೆ ಮೆಟ್ಟಿಲ ಹತ್ರ ಬಿದ್ದಿತ್ತು. ಯಾರ ಕಣ್ಣಿಗಾದ್ರೂ ಬೀಳ್ಲಿ ಅಂತ ಖಾಲಿ ಇದ್ದ ಮೊಳೆಗೆ ಸಿಗಿಸಿದ್ದೆ."

ಮೂರಕ್ಕೆ ಐದು ನಿಮಿಷವಿದ್ದಾಗ ಪಿಟಿ ಸರ್ ಬಂದರು. ಅವರ ಬೆರಳಲ್ಲಿ ಕೀ ಗಿರಗಿರ ತಿರುಗುತ್ತಿತ್ತು. "ಬೆಳಿಗ್ಗೆನೇ ತಗೊಂಡಿದ್ದೆ. ಕಾರ್ಡ್ ಹಾಕೋದು ಮರೆತೇಹೋಯ್ತು ನೋಡಿ. ನಡೀರಿ, ನಡೀರಿ."

ಮ್ಯಾಚು ನಡೆಯಿತು. ಐದನೇ ಕ್ಲಾಸು ಗೆದ್ದಿತು ಕೂಡ. ಮಂತ್ರಿಗಿರಿಯೂ ಉಳಿಯಿತು. "ಅಂತೂ ಬಚಾವಾದೆ ಬಿಡು," ಎಂದ ಪ್ರಧಾನಮಂತ್ರಿ. ಗೃಹಮಂತ್ರಿ ಕೀಯನ್ನು ಮೊಳೆಗೆ ಸಿಗಿಸಿ ಹೊರಟುಹೋದಳು.

ಸಂಜೆ ಮನೆಯಲ್ಲಿ ಬಟಾಣಿ ಎಂದಿನಂತೆ ಬಣ್ಣದ ಪೆನ್ಸಿಲು ಹರಡಿಕೊಂಡು ಕೂತಿದ್ದಳು. ಯಾರಿಗೂ ಚಾಡಿ ಹೇಳಿರಲಿಲ್ಲ. ಅಕ್ಕನಿಗೆ ಅದು ಇನ್ನೂ ಕಷ್ಟವಾಗಿತ್ತು. "ಅವಳ ತಲೆ ನೋಡು, ಗುಬ್ಬಿಗೂಡಾಗಿದೆ. ಒಂದು ಜಡೆ ಹಾಕೇ," ಎಂದು ಚಿಕ್ಕಮ್ಮ ಬಾಚಣಿಗೆ ಕೊಟ್ಟರು.

ಅಕ್ಕ ಹಿಂದಿನಿಂದ ಬಂದು ಕೈ ಎತ್ತಿದಳು, ಅಷ್ಟೆ.

ಬಟಾಣಿ ಎರಡೂ ತೋಳನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡು ಮುದುರಿದಳು. "ನಾನೇ ಅಕ್ಕ. ನಾನೇ ತಗೊಂಡಿದ್ದು."

ಅಕ್ಕ ಏನೂ ಕೇಳಿಯೇ ಇರಲಿಲ್ಲ. ಅವಳು ಮೆಲ್ಲಗೆ ಕೈ ಇಳಿಸಿ, ತಂಗಿಯ ಎದುರಿಗೆ ಹೋಗಿ ಕೂತಳು. ಬಾಚಣಿಗೆಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು, ಬಟಾಣಿ ತೋಳು ಸಡಿಲ ಬಿಡುವವರೆಗೂ ಕೈಕಟ್ಟಿ ಕಾದಳು. ತುಂಬ ಹೊತ್ತು ಕಾಯಬೇಕಾಯಿತು.