ಗೂಡಿನಲ್ಲಿದ್ದ ಕತ್ತಿ

ಬೇರೇನು ಕೇಳಿದ್ದರೂ ನರಸಯ್ಯ ಕೊಟ್ಟುಬಿಡುತ್ತಿದ್ದ. ಶಿವಶಂಕರ ಕೇಳಿದ್ದು ಆ ಕತ್ತಿಯನ್ನು.

"ಅದೊಂದ್ ಬುಟ್ಟು ಬ್ಯಾರೆ ಏನಾರ ಕೇಳು ಶಂಕ್ರಣ್ಣ. ನಮ್ಮಪ್ಪ ಇಡ್ಕಂಡಿದ್ದ ಕತ್ತಿ ಅದು," ಎಂದು ಗಲ್ಲಕ್ಕೆ ನೊರೆ ಹಚ್ಚುತ್ತ ನಕ್ಕಿದ್ದ. ಆ ನಗು ಶಿವಶಂಕರನ ಮೈಯೆಲ್ಲ ಉರಿಸಿತು.

ಪಾಂಡವಪುರದ ನರಸಯ್ಯನ ಸೆಲೂನಿನಲ್ಲಿ ಈಗ ಎಲ್ಲರಿಗೂ ಬ್ಲೇಡು ಹಾಕುವ ಕತ್ತಿಯೇ. ಹಳೆಯದು, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ಮಡಚುವ ಕತ್ತಿ, ದೇವರ ಪಟದ ಪಕ್ಕದ ಗೂಡಿನಲ್ಲಿ ಗಾಜಿನ ಹಿಂದೆ ಅರ್ಧ ಬಿಚ್ಚಿಕೊಂಡು ಮಲಗಿರುತ್ತಿತ್ತು. ನರಸಯ್ಯ ಮುಟ್ಟಲು ಬಿಡುತ್ತಿರಲಿಲ್ಲ. ಅಂಥ ಅಲಗು ಅಲ್ಲಿ ಧೂಳು ತಿನ್ನುತ್ತ ಬಿದ್ದಿರಬೇಕೇ? ತನ್ನ ಬೀರುವಿನಲ್ಲಿದ್ದರೆ ಅದಕ್ಕೊಂದು ಮರ್ಯಾದೆ ಎಂದು ಶಿವಶಂಕರ ತೀರ್ಮಾನಿಸಿದ.

ಬಾಬುರಾಯನಕೊಪ್ಪಲಿನ ಮನೆಯಲ್ಲಿ ಅವನ ಜೊತೆಗಿದ್ದದ್ದು ಕತ್ತಿಗಳು ಮಾತ್ರ. ಮದುವೆ ಕೂಡಿಬರಲಿಲ್ಲ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೆ ಫೋನೂ ಸುಮ್ಮನಾಯಿತು. ಗುಜರಿಯಲ್ಲಿ ಸಿಕ್ಕ ಹಳೆಯ ಕ್ಷೌರದ ಕತ್ತಿಗಳ ತುಕ್ಕು ಕೆರೆದು, ಹಿಡಿ ಕಟ್ಟಿ, ಸಾಣೆ ಹಿಡಿದು ಸಾಲಾಗಿ ಇಡುತ್ತಿದ್ದ. ಕರೆದು ತೋರಿಸೋಣವೆಂದರೆ ಯಾರೂ ಇರಲಿಲ್ಲ. ಶನಿವಾರ ಗಡ್ಡ ತೆಗೆಸುವವರು ಕಡಿಮೆ, ಕೂತು ಮಾತಾಡಬಹುದು. ಅದಕ್ಕೇ ಪ್ರತಿ ಶನಿವಾರ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗುತ್ತಿದ್ದ. ಇಡೀ ವಾರದಲ್ಲಿ ಅವನ ಮುಖ ಮುಟ್ಟುವ ಕೈ ನರಸಯ್ಯನದೊಂದೇ. ಅದು ಗೊತ್ತಿದ್ದೂ ಆ ಮನುಷ್ಯನ ಗೂಡಿಗೇ ಕೈ ಹಾಕಲು ಹೊರಟ.

ಬರೀ ಕದ್ದರೆ ಗೂಡು ಖಾಲಿ ಕಾಣುತ್ತದೆ. ಬದಲಾಯಿಸಬೇಕು. ಕೆ.ಆರ್.ಪೇಟೆಯ ಗುಜರಿಯಲ್ಲಿ ಅದೇ ಅಗಲದ ಅಲಗು ಸಿಕ್ಕಿತು. ನಾಗಮಂಗಲದಿಂದ ಎಮ್ಮೆಕೊಂಬು ತಂದು ಹಿಡಿ ಮಾಡಿದ. ಗಾಜಿನಾಚೆಯಿಂದ ಮೊಬೈಲಿನಲ್ಲಿ ಹಿಡಿದಿದ್ದ ಫೋಟೋ ಹಿಗ್ಗಿಸಿಕೊಂಡು, ಹಿಡಿಯ ಸೀಳು, ಹಿತ್ತಾಳೆ ಮೊಳೆಯ ಓರೆ, ಅಲಗಿನ ಕಪ್ಪು ಮಚ್ಚೆ, ಒಂದನ್ನೂ ಬಿಡದೆ ಇಳಿಸಿದ. ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ ಹೊಳಪು ತೆಗೆದ. ಕೊನೆಗೆ ಸಾಣೆ. ನರಸಯ್ಯ ಎಂದಾದರೂ ಎತ್ತಿಕೊಂಡು ಬೆರಳಾಡಿಸಿದರೆ? ಮೊಂಡಾಗಿದ್ದರೆ ಸಂಶಯ ಬಂದೀತು. ತಾಗಿದರೆ ಕೂದಲು ಉದುರುವಷ್ಟು ಮಸೆದು, ತನ್ನ ಬುದ್ಧಿಗೆ ತಾನೇ ತಲೆದೂಗಿದ. ಬೇರೆ ಯಾರಿದ್ದರು ತಲೆದೂಗಲು!

ಶನಿವಾರ ಆಗದು, ಖಾಲಿ ಅಂಗಡಿಯಲ್ಲಿ ನರಸಯ್ಯನ ಕಣ್ಣು ಇವನ ಮೇಲೆಯೇ ಇರುತ್ತದೆ. ಮಂಗಳವಾರ ರಜೆ. ಮಾರನೆಯ ದಿನ ಜನ ಮುಗಿಬೀಳುತ್ತಾರೆ. ಆವರೆಗೆ ಒಮ್ಮೆಯೂ ಬುಧವಾರ ಹೋಗದವನು ಬುಧವಾರ ಹೋದ.

ಲೆಕ್ಕ ಹಾಕಿದಂತೆಯೇ ಆಯಿತು. ನರಸಯ್ಯ ನೀರು ತರಲು ಹಿಂದಕ್ಕೆ ಹೋದ. ಬೆಂಚಿನ ಮೇಲಿದ್ದವರು ಮೊಬೈಲಿನಲ್ಲಿ ಮುಳುಗಿದ್ದರು. ಗಾಜು ಸರಿಯಿತು, ಕತ್ತಿ ಚೀಲಕ್ಕೆ ಇಳಿಯಿತು, ಇನ್ನೊಂದು ಅದರ ಜಾಗದಲ್ಲಿ ಮಲಗಿತು. ಓಡಿಹೋಗುವವನು ಕಳ್ಳ. ಶಿವಶಂಕರ ತನ್ನ ಸರದಿ ಕಾದು, ಕುರ್ಚಿಯಲ್ಲಿ ಕೂತು, ಮುಖ ಒಡ್ಡಿದ.

ಒಂದು ಗಲ್ಲ ಮುಗಿದಿತ್ತು. ಚಿನಕುರಳಿಯ ಹೇಮಶ್ರೀ ಮಗುವನ್ನು ಎತ್ತಿಕೊಂಡು, ತಮ್ಮ ದಿಲೀಪನ ಜೊತೆ ಒಳಗೆ ಬಂದಳು.

"ಒಂದ್ಗಳಿಗೆ ತಡಿ ಶಂಕ್ರಣ್ಣ. ಮಗೀಗೆ ಮೊದಲ್ನೇ ಮುಡಿ, ಸೋದರಮಾವನ್ ಕೈಲೇ ಆಗ್ಬೇಕು. ಮುಡಿ ತೆಗ್ಸೋರು ಬುಧವಾರ ಬುಧವಾರ ಬತ್ತಾರೆ, ನೀನ್ ನೋಡಿಲ್ಲ," ಎಂದು ನರಸಯ್ಯ ಗೂಡಿನ ಗಾಜು ಸರಿಸಿದ. ಕತ್ತಿ ತೆಗೆದು ದಿಲೀಪನ ಕೈಗೆ ಕೊಟ್ಟ.

ಹೇಮಶ್ರೀ ಹಿಂಜರಿದಳು. "ಇವನಿಗೆ ಕತ್ತಿ ಇಡ್ದು ಗೊತ್ತಿಲ್ಲ ಕಣಣ್ಣ. ನೆತ್ತಿ ಇನ್ನೂ ಎಳೇದು."

"ಎದರ್ಬ್ಯಾಡ ಕಣವ್ವ. ಇದು ಮಾವಂದಿರ್ ಕೈಗೆ ಕೊಡೋಕೇ ಇರೋ ಕತ್ತಿ. ನಮ್ಮಪ್ಪ ಕಲ್ಲಿಗೆ ಉಜ್ಜಿ ಉಜ್ಜಿ ಬೇಕಂತ್ಲೇ ಮೊಂಡ್ ಮಾಡಿಟ್ಟವ್ನೆ, ಬೆಣ್ಣೇನೂ ಕುಯ್ಯಲ್ಲ. ಒತ್ತಿ ಎಳೀಲಾ ದಿಲೀಪ. ಆಮ್ಯಾಕೆ ನಾನ್ ಬ್ಲೇಡಲ್ಲಿ ತೆಗೀತೀನಿ."

ಕನ್ನಡಿಯಲ್ಲಿ ಶಿವಶಂಕರನಿಗೆ ಎಲ್ಲ ಕಾಣುತ್ತಿತ್ತು. ಮಗು ಅಮ್ಮನ ಬಳೆ ಹಿಡಿದು ಆಡುತ್ತಿತ್ತು. ದಿಲೀಪ ಅಲಗನ್ನು ನೆತ್ತಿಯ ಹತ್ತಿರ ತಂದ. ಬಾಯಿ ಬಿಡದಿದ್ದರೆ ಕತ್ತಿ ತನ್ನದು, ಶನಿವಾರಗಳೂ ತನ್ನವು.

"ಎಳೀಬ್ಯಾಡ," ಎಂದ ಶಿವಶಂಕರ. "ಅದು ಕುಯ್ತದೆ."

ದಿಲೀಪನ ಕೈ ನಿಂತಿತು. ನರಸಯ್ಯ ಕತ್ತಿ ಈಸಿಕೊಂಡು, ಅಲಗಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಇಟ್ಟ. ರಕ್ತ ಜಿನುಗಿತು. ಅವನು ಬೆರಳು ನೋಡಿಕೊಂಡ, ಗೂಡು ನೋಡಿದ, ಆಮೇಲೆ ಶಿವಶಂಕರನ ಮುಖ ನೋಡಿದ. "ಇದ ನೀನ್ ಯಾವತ್ತೂ ಮುಟ್ಟಿಲ್ವಲ್ಲ ಶಂಕ್ರಣ್ಣ. ಕುಯ್ತದೆ ಅಂತ ನಿಂಗೆಂಗ್ ಗೊತ್ತಾಯ್ತು?" ನರಸಯ್ಯ ತನ್ನ ಹೆಗಲ ಮೇಲಿನ ಟವೆಲು ತೆಗೆದು ಶಿವಶಂಕರನ ಮಡಿಲಿಗೆ ಹಾಕಿದ. "ನೊರೆ ನೀನೇ ಒರಸ್ಕೊ," ಎಂದ.