ಕಾರಿಗೆ ಬಂದ ಕಾಯಿಲೆ

ಯಜಮಾನರ ಹನ್ನೊಂದನೇ ದಿನದ ತಿಥಿಯೂಟ ಮುಗಿದಾಗ ಭೀಮೇಶನ ಕೈಯಲ್ಲಿದ್ದದ್ದು ಒಂದು ಪಂಚೆ, ಒಂದು ಟವೆಲ್ಲು. ಅಷ್ಟೇ. ಊಟ ಬಡಿಸಿದವರಿಗೂ ಅದೇ ಪಂಚೆ, ಶಾಮಿಯಾನ ಕಟ್ಟಿದವನಿಗೂ ಅದೇ ಟವೆಲ್ಲು. ಸಂತೇಬೆನ್ನೂರಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿ ಮೇಲೆ ಬಂದ ಬೆನಕಪ್ಪನವರ ಬಿಳಿ ಕಾರನ್ನು, ಅದರ ಸೀಟಿನ ಪ್ಲಾಸ್ಟಿಕ್ ಕವರು ಕೀಳುವ ಮೊದಲಿನಿಂದ ಓಡಿಸಿದವನು ಅವನು. ಯಜಮಾನರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೊನೆಯ ಸಲ ಆಸ್ಪತ್ರೆಗೆ ಹೋದವನೂ ಅವನೇ. ಸ್ವಂತದ್ದೊಂದು ಗಾಡಿ ಇರಬೇಕು, ಚನ್ನಗಿರಿ ಬಸ್‌ಸ್ಟ್ಯಾಂಡಿನ ಪಕ್ಕ ಬಾಡಿಗೆಗೆ ನಿಲ್ಲಿಸಬೇಕು, ಇನ್ನೊಬ್ಬರು ಕೂಗಿದಾಗ ಓಡಿಹೋಗುವ ಬಾಳು ಸಾಕು ಎಂಬುದು ಅವನ ಒಂದೇ ಆಸೆ. ಆ ಕಾರು ತನಗೇ ಬರುತ್ತದೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ. ಆದರೂ ಬರುತ್ತದೆ ಎಂದು ಅವನು ನಂಬಿಕೊಂಡಿದ್ದ.

ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಯಜಮಾನರ ಹೆಂಡತಿ ಸಾವಂತ್ರಮ್ಮ ಬಂದು ನಿಂತರು. ಅತ್ತು ಅತ್ತು ಅವರ ಕಣ್ಣು ಊದಿತ್ತು.

“ಭೀಮೇಶ, ನಿಮ್ಮ ಮನೆ ಮುಂದೆ ಕಾರು ನಿಲ್ಸಾಕೆ ಜಾಗ ಐತೇನಪ್ಪಾ?”

ಎಲಾ ಇವರಾ ಎಂದುಕೊಂಡ ಭೀಮೇಶ. ಶೆಡ್ಡಿನಲ್ಲಿ ಜೋಳದ ಚೀಲ ತುಂಬಬೇಕು, ಕಾರನ್ನು ತಂದು ತನ್ನ ಮನೆ ಮುಂದೆ ನಿಲ್ಲಿಸಬೇಕು, ತಾನು ಪುಕ್ಕಟೆ ಕಾವಲು ಕಾಯಬೇಕು. ಪಂಚೆ ಕೊಟ್ಟ ಋಣ ಇವತ್ತೇ ತೀರಿಸಿಕೊಳ್ಳಲು ಹೊರಟಿದ್ದಾರೆ!

“ಎಲ್ಲೈತೆ ಅಮ್ಮಾರೆ, ಮುಂದೆಲ್ಲಾ ಚರಂಡಿ” ಎಂದ. ನಿಜಕ್ಕೂ ಎರಡು ಎತ್ತಿನ ಗಾಡಿ ನಿಲ್ಲುವಷ್ಟು ಜಾಗವಿತ್ತು. “ಹೌದಾ” ಎಂದಷ್ಟೇ ಹೇಳಿ ಆಕೆ ಒಳಗೆ ಹೋದರು.

ಅಂಗಳದಲ್ಲಿ ಸಾವಂತ್ರಮ್ಮನವರ ತಮ್ಮ ದುರುಗೇಶ ಕಾರಿನ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಿದ್ದ. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಬಂದವನು. “ಅಕ್ಕಾ, ಇದನ್ನ ನಾನು ತಗೊಂಡೋಗ್ಲಾ? ಇಲ್ಲಿ ಸುಮ್ನೆ ಧೂಳು ತಿಂತಾ ನಿಂತಿರ್ತೈತೆ” ಎಂದು ಕೂಗಿದ.

“ವರ್ಷ ತುಂಬೋತನ ಅವರು ಮುಟ್ಟಿದ ವಸ್ತು ಇನ್ನೊಬ್ರ ಮನೆ ಸೇರಂಗಿಲ್ಲ ಕಣೋ. ಆಮೇಲೆ ನೋಡಾನ” ಎಂದರು ಒಳಗಿನಿಂದಲೇ.

ಆಮೇಲೆ ನೋಡಾನ! ಅಕ್ಕ ತಮ್ಮನ ಒಳ ಒಪ್ಪಂದ ಭೀಮೇಶನಿಗೆ ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ಕತ್ತಲಗೆರೆಯ ತನ್ನ ಮನೆ ಮುಟ್ಟುವಷ್ಟರಲ್ಲಿ ನಿರ್ಧಾರವಾಗಿತ್ತು. ಕದಿಯುವುದಿಲ್ಲ. ಕದಿಯುವವರು ದಡ್ಡರು, ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ. ಕಾರಿಗೆ ಕಾಯಿಲೆ ಬರಬೇಕು. ವಾಸಿಯಾಗದ ಕಾಯಿಲೆ. ಕೊಳ್ಳುವವರು ಮೂಗು ಮುರಿಯಬೇಕು, ತಮ್ಮ ಬೇಡವೆನ್ನಬೇಕು, ಕೊನೆಗೆ ಆ ಮಹಾತಾಯಿಯೇ ಕೈ ಮುಗಿದು, ‘ನೀನೇ ತಗೊಂಡು ಹೋಗಪ್ಪಾ’ ಎನ್ನಬೇಕು. ಅವನ ಮನೆ ಸೇರಿದ ದಿನವೇ ಕಾರು ಗುಣವಾಗುತ್ತದೆ.

ಉಪಾಯ ಅವನಿಗೆ ಹೊನ್ನಾಳಿಯಲ್ಲಿ ಸಿಕ್ಕಿದ್ದು. ಹಿಂದೊಮ್ಮೆ ಯಜಮಾನರ ಜೊತೆ ಹೋಗುವಾಗ ತುಂಗಭದ್ರಾ ಸೇತುವೆಯ ಹತ್ತಿರ ಇದ್ದಕ್ಕಿದ್ದಂತೆ ಇಂಜಿನ್ನಿನ ಎಳೆತ ಬಿದ್ದುಹೋಗಿ, ಮೀಟರಿನ ಪಕ್ಕ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತ್ತು. ಅಲ್ಲಿನ ಮೆಕ್ಯಾನಿಕ್ ಗುರುಸ್ವಾಮಿ ಬಾನೆಟ್ ತೆಗೆದು, ಗಾಳಿ ಫಿಲ್ಟರಿನ ದಪ್ಪ ಕೊಳವೆಯ ಮೇಲೆ ಸಡಿಲವಾಗಿದ್ದ ಒಂದು ಪ್ಲಗ್ಗನ್ನು ಬೆರಳಿನಿಂದ ಒತ್ತಿದ್ದ. ಟಕ್ ಅಂದಿತು. “ಎಷ್ಟು ಗಾಳಿ ಒಳಗೆ ಬಂತು ಅಂತ ಇಂಜಿನ್ನಿಗೆ ಹೇಳೋ ಸೆನ್ಸಾರು ಇದು. ಇದು ಹೇಳ್ದಿದ್ರೆ ಇಂಜಿನ್ನಿಗೆ ದಿಕ್ಕು ತೋಚಲ್ಲ” ಎಂದಿದ್ದ. ಅಷ್ಟು ದೊಡ್ಡ ಗಾಡಿಯನ್ನು ಇಷ್ಟು ಸಣ್ಣ ಪ್ಲಗ್ಗು ಮಲಗಿಸಿದ್ದು ಕಂಡು ಯಜಮಾನರು ನಕ್ಕು ಮರೆತಿದ್ದರು. ಭೀಮೇಶ ಮರೆತಿರಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವೈರು ಕತ್ತರಿಸುವುದಿಲ್ಲ, ಏನನ್ನೂ ಒಡೆಯುವುದಿಲ್ಲ. ಸಾವಂತ್ರಮ್ಮ ಹೊರಗೆ ಹೊರಟಾಗ ನೀರು, ಆಯಿಲ್ ನೋಡುವ ನೆಪದಲ್ಲಿ ಬಾನೆಟ್ ಎತ್ತಿ ಪ್ಲಗ್ಗನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು. ಊರು ದಾಟುವಷ್ಟರಲ್ಲಿ ದೀಪ ಹತ್ತುತ್ತದೆ, ಕಾರು ತಿಣುಕುತ್ತದೆ. ಆಮೇಲೆ ‘ರಿಪೇರಿಗೆ’ ಚನ್ನಗಿರಿಗೆ ಹೋಗುವುದು, ದಾರಿಯಲ್ಲಿ ಮರದ ಕೆಳಗೆ ನಿಲ್ಲಿಸಿ ಪ್ಲಗ್ಗು ಒತ್ತುವುದು, ಬ್ಯಾಟರಿಯ ಒಂದು ತುದಿ ಬಿಚ್ಚಿ ದೀಪದ ನೆನಪು ಅಳಿಸುವುದು, ಮಿರ್ಚಿ ಮಂಡಕ್ಕಿ ತಿಂದು ವಾಪಸ್ಸು ಬರುವುದು. ರಿಪೇರಿಗೆಂದು ಅವನು ಒಂದು ಪೈಸೆಯನ್ನೂ ಹೆಚ್ಚಿಗೆ ಕೇಳಲಿಲ್ಲ. ಆಸೆಬುರುಕರು ಅಲ್ಲೇ ಎಡವುವುದು ಎಂದು ಅವನಿಗೆ ಗೊತ್ತಿತ್ತು.

ಮೊದಲ ‘ರಿಪೇರಿ’ಗೇ ಸಿಕ್ಕಿಬೀಳುವ ಹಾಗಾಯಿತು. ಬ್ಯಾಂಕಿಗೆ ಹೋಗುವಾಗ ಹಿಂದಿನ ಸೀಟಿನಿಂದ ಸಾವಂತ್ರಮ್ಮ ಕೇಳಿದರು.

“ಭೀಮೇಶ, ಕಾರಿನ ಗಡಿಯಾರ ಯಾಕೋ ತಪ್ಪು ತೋರ್ಸ್ತೈತಲ್ಲ?”

ಬ್ಯಾಟರಿ ಬಿಚ್ಚಿದರೆ ಗಡಿಯಾರ ಮೊದಲಿನಿಂದ ಶುರುವಾಗುತ್ತದೆ. ಹಾಳಾದ್ದು, ಅದೊಂದು ಹೊಳೆದಿರಲಿಲ್ಲ. “ವೈರಿಂಗ್ ತೊಂದ್ರೆ ಅಮ್ಮಾರೆ. ಕಾಯಿಲೆ ಮೈಯೆಲ್ಲಾ ಹಬ್ತಾ ಐತೆ” ಎಂದ. ಕನ್ನಡಿಯಲ್ಲಿ ಅವರ ಮುಖ ನೋಡಿದ. ಅವರೂ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತಿದ್ದರು. ಅಂದಿನಿಂದ ಪ್ರತಿ ಸಲ ಗಡಿಯಾರವನ್ನು ಸರಿಮಾಡಿಯೇ ಗಾಡಿ ತರುತ್ತಿದ್ದ. ಆದರೆ ಈಕೆಗೆ ಅನುಮಾನ ಬಂದಿದೆಯೋ ಏನೋ ಎಂಬ ಹುಳ ತಲೆ ಹೊಕ್ಕಿದ್ದು ಹೊರಗೆ ಬರಲಿಲ್ಲ. ಆಕೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಇವನ ಕಿವಿ ನಿಮಿರುತ್ತಿತ್ತು. ಚಹಾ ಕೊಟ್ಟು “ಕುಡಿಯಪ್ಪ” ಎಂದರೆ, ಯಾವತ್ತೂ ಇಲ್ಲದ ಅಕ್ಕರೆ ಇವತ್ತೇಕೆ ಎನ್ನಿಸುತ್ತಿತ್ತು. ಅಕ್ಕರೆ ಯಾವತ್ತೂ ಇತ್ತು ಎನ್ನುವುದು ಬೇರೆ ಮಾತು.

ಜೋಳದ ಸುಗ್ಗಿ ಮುಗಿದ ಮೇಲೆ ಆಕೆಯೇ ಹೊರಟು ನಿಂತರು. “ಈ ಚನ್ನಗಿರಿಯೋರ್ಗೆಲ್ಲಾ ತಿಳಿಯಲ್ಲ. ಹೊನ್ನಾಳಿ ಗುರುಸ್ವಾಮಿಗೇ ತೋರ್ಸಾನ ನಡಿ. ಅವರು ಇದ್ದಾಗ ಅವನನ್ನೇ ನಂಬ್ತಿದ್ರು.”

ಭೀಮೇಶ ಬೆವರಿದ. ಆದರೆ ತಲೆ ಕೆಡಿಸಿಕೊಳ್ಳಲಿಲ್ಲ. ಹೊರಡುವ ಮೊದಲೇ ಪ್ಲಗ್ಗನ್ನು ಗಟ್ಟಿಯಾಗಿ ಒತ್ತಿ, ಗಡಿಯಾರ ತಿರುಗಿಸಿ, ಕಾರನ್ನು ಮದುವಣಗಿತ್ತಿಯ ಹಾಗೆ ಸಿದ್ಧಮಾಡಿದ. ಹೊನ್ನಾಳಿಯವರೆಗೆ ಅದು ಒಂದು ಸಲವೂ ಕೆಮ್ಮಲಿಲ್ಲ. ಗುರುಸ್ವಾಮಿ ತನ್ನ ಯಂತ್ರ ಸಿಕ್ಕಿಸಿ ನೋಡಿದ, ಇಂಜಿನ್ನಿಗೆ ಕಿವಿಗೊಟ್ಟ, ಒಂದು ಸುತ್ತು ಓಡಿಸಿಕೊಂಡು ಬಂದ.

“ಏನೂ ಇಲ್ಲಮ್ಮಾರೆ. ಗುಂಡುಕಲ್ಲಿನಂಗೈತೆ.”

“ಹುಷಾರಿಲ್ಲದ ಮಗು ಡಾಕ್ಟ್ರ ಮುಂದೆ ಹಿಂಗೇ ಆಡೋದು” ಎಂದ ಭೀಮೇಶ ತಟ್ಟನೆ. ಸಾವಂತ್ರಮ್ಮ ಅಪರೂಪಕ್ಕೆ ನಕ್ಕರು. ಗುರುಸ್ವಾಮಿ ನಗಲಿಲ್ಲ. “ಇಲಿ ಏನಾದ್ರೂ ವೈರು ಕಡೀತಾವೇನೋ. ಆದ್ರೆ ಇಲಿ ಕಡಿದ್ರೆ ಹಲ್ಲಿನ ಗುರುತು ಇರ್ಬೇಕಲ್ಲ” ಎಂದು ಭೀಮೇಶನ ಬೆರಳುಗಳನ್ನೇ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಭೀಮೇಶ ಕೈಗಳನ್ನು ಜೇಬಿಗೆ ಹಾಕಿಕೊಂಡ. ವಾಪಸ್ಸು ಬರುವಾಗ ಚನ್ನಗಿರಿ ಇನ್ನೂ ದೂರವಿದ್ದಂತೆಯೇ ಹಳದಿ ದೀಪ ಹತ್ತಿತು. ಸ್ವಲ್ಪ ಮೊದಲು ರೇಡಿಯೇಟರಿಗೆ ನೀರು ಹಾಕುವ ನೆಪದಲ್ಲಿ ಇಳಿದು ಪ್ಲಗ್ಗು ಎಳೆದಿದ್ದವನೇ, “ನೋಡಿದ್ರಾ ಅಮ್ಮಾರೆ!” ಎಂದು ಹಣೆ ಚಚ್ಚಿಕೊಂಡ.

ಮುಂದಿನದು ದುರುಗೇಶ. ಒಂದು ಭಾನುವಾರ ಸೊಕ್ಕೆಯಿಂದ ಬಂದು ಕೀಲಿ ತೆಗೆದುಕೊಂಡು, ಒಂದು ರೌಂಡು ಹೋಗಿ ಬರುತ್ತೇನೆಂದು ಹೊರಟ. ಭೀಮೇಶ ಆಗಲೇ ಪ್ಲಗ್ಗು ಸಡಿಲಿಸಿಟ್ಟಿದ್ದ. ಅರ್ಧ ಗಂಟೆಗೆಲ್ಲ ಕಾರನ್ನು ಎತ್ತು ಹೊಡೆದ ಹಾಗೆ ಹೊಡೆದುಕೊಂಡು ಬಂದು ಕೀಲಿ ಎಸೆದ. “ಥೂ, ದಿಬ್ಬ ಹತ್ತಲ್ಲಕ್ಕ ಇದು. ನಂಗೆ ಪುಕ್ಕಟೆ ಕೊಟ್ರೂ ಬ್ಯಾಡ.”

ಭೀಮೇಶನಿಗೆ ಒಳಗೊಳಗೇ ಹಬ್ಬ. ಆದರೆ ದುರುಗೇಶ ಹೋದ ಮೇಲೂ ಸಾವಂತ್ರಮ್ಮ ಕಾರಿನ ಮುಂದೆಯೇ ನಿಂತಿದ್ದರು. ಬೇರೆ ಯಾರಿಗೋ ಕೊಡುವ ಯೋಚನೆ ಇರಬೇಕು ಎಂಬ ಸಂಶಯ ಅವನಿಗೆ.

“ಭೀಮೇಶ, ಹೆಂಡ್ತಿ ಮಕ್ಳನ್ನ ಕೂರಿಸ್ಕೊಂಡು ಓಡಾಡಾಕೆ ಆಗುತ್ತಾ ಇದ್ರಾಗೆ? ಒಬ್ರಿಗೆ ಕೊಟ್ರೆ ಅವರ ಬಾಳಿಗೆ ಆಗುತ್ತಾ? ಖರೆ ಹೇಳು.”

ಬಾಗಿಲನ್ನು ಭದ್ರವಾಗಿ ಮುಚ್ಚುವ ಗಳಿಗೆ ಇದೇ ಎನ್ನಿಸಿತು. ಭೀಮೇಶ ಎದೆಯ ಮೇಲೆ ಕೈ ಇಟ್ಟುಕೊಂಡ. “ಗೊತ್ತಿದ್ದೂ ಗೊತ್ತಿದ್ದೂ ಇಂಥ ಗಾಡೀನ ಇನ್ನೊಬ್ರ ಕೊರಳಿಗೆ ಕಟ್ಟಬಾರ್ದು ಅಮ್ಮಾರೆ. ಗೊಡ್ಡು ಹಸು ದಾನ ಕೊಟ್ಟಂಗೆ ಆಗುತ್ತೆ. ಕೊಟ್ಟೋರ್ಗೂ ಪಾಪ, ಸತ್ತೋರ್ಗೂ ಶಾಂತಿ ಇಲ್ಲ.” ತನ್ನ ಮಾತಿನ ಚೆಂದವನ್ನು ತಾನೇ ಮೆಚ್ಚಿಕೊಂಡ. ಸಾವಂತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಯ ಪೆಟ್ಟು ನ್ಯಾಮತಿಯ ಮದುವೆಗೆ ಹೋಗುವಾಗ. ಸೈಲೆನ್ಸರಿನ ಕಾದ ಕೊಳವೆಗೆ ತಾಗುವಂತೆ ಹಳೆ ಆಯಿಲಿನಲ್ಲಿ ಅದ್ದಿದ ಬಟ್ಟೆಯ ಚೂರೊಂದನ್ನು ಹೊನ್ನಾಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೇ ಸಿಕ್ಕಿಸಿ, ಪ್ಲಗ್ಗನ್ನೂ ಸಡಿಲಿಸಿದ್ದ. ಹೊನ್ನಾಳಿ ದಾಟಿ ನ್ಯಾಮತಿ ಕಡೆ ತಿರುಗಿದ ಸ್ವಲ್ಪ ಹೊತ್ತಿಗೆ ಹಳದಿ ದೀಪದ ಜೊತೆಗೆ ಬಾನೆಟ್ಟಿನ ಸಂದಿಯಿಂದ ಹೊಗೆಯೂ ಎದ್ದಿತು. ಸಾವಂತ್ರಮ್ಮ “ಅಯ್ಯೋ ಶಿವನೇ!” ಎಂದು ಕಿರುಚಿ, ರೇಷ್ಮೆ ಸೀರೆಯಲ್ಲೇ ರಸ್ತೆ ಬದಿಯ ಗುಂಡಿಗೆ ಇಳಿದರು. ಭೀಮೇಶ ನೀರು ಸುರಿದ, ಕೆಮ್ಮಿದ, ಬಟ್ಟೆಯ ಚೂರನ್ನು ಅಂಗೈಯಲ್ಲಿ ಅಡಗಿಸಿದ. ಆಕೆ ಓಡಿಬಂದು ಅವನ ತೋಳು ಹಿಡಿದುಕೊಂಡರು. “ನೀನೊಬ್ನೇ ಇದ್ದಾಗ ಹಿಂಗಾಗಿದ್ರೆ ಏನು ಗತಿನೋ?” ಎಂದರು. ಒಂದು ಗಳಿಗೆ ಭೀಮೇಶನಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಬಾಡಿಗೆ ತರುವುದಿಲ್ಲ. ಕಾರು ಅಂದಿನಿಂದ ಶೆಡ್ಡು ಸೇರಿತು.

ವರ್ಷದ ತಿಥಿ ಬಂತು. ಎಡೆ ಇಟ್ಟು, ಊಟ ಮುಗಿದ ಮೇಲೆ ಸಾವಂತ್ರಮ್ಮ ಭೀಮೇಶನನ್ನು ಪಕ್ಕಕ್ಕೆ ಕರೆದರು. “ಒಂದಿನ ಬಿಟ್ಟು ಬಾರಪ್ಪಾ. ಗಾಡಿ ವಿಷ್ಯ ಒಂದು ತೀರ್ಮಾನ ಮಾಡೀನಿ.” ದುರುಗೇಶ ಆಗಲೇ ಬೈಕು ಹತ್ತಿ ಊರಿಗೆ ಹೊರಟಿದ್ದ. ಕೊಳ್ಳುವವರು ಯಾರೂ ಇಲ್ಲ. ಇನ್ಯಾವ ತೀರ್ಮಾನ? ಭೀಮೇಶ ಶೆಡ್ಡಿಗೆ ನುಗ್ಗಿ ಬಾನೆಟ್ ಎತ್ತಿ, ಪ್ಲಗ್ಗನ್ನು ಕೊನೆಯ ಬಾರಿಗೆ ಒತ್ತಿದ. ಟಕ್. ಬ್ಯಾಟರಿ ಬಿಚ್ಚಿ ಕಟ್ಟಿದ, ಗಡಿಯಾರ ಸರಿಮಾಡಿದ. “ಸಾಕು ಮಗಳೇ, ಇನ್ನು ನಿನಗೆ ಕಾಯಿಲೆ ಇಲ್ಲ” ಎಂದು ಸ್ಟೇರಿಂಗನ್ನು ಸವರಿದ. ಮಾರನೇ ದಿನ ಕತ್ತಲಗೆರೆಯಲ್ಲಿ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಮಣ್ಣು ಹೊಡೆಸಿ ನೆಲ ಸಮ ಮಾಡಿಸಿದ. ಅದರ ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಕ್ರದ ಕೆಳಗೆ ಇಡಲು ನಾಲ್ಕು ನಿಂಬೆಹಣ್ಣು, ಒಂದು ಚೆಂಡುಹೂವಿನ ಹಾರ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಶೆಡ್ಡು ಖಾಲಿ ಇತ್ತು. ನೆಲದ ಮೇಲೆ ಟೈರಿನ ಗುರುತು ಮಾತ್ರ ಉಳಿದಿತ್ತು. “ಗಾಡಿ ಎಲ್ಲಿ ಅಮ್ಮಾರೆ?” ಎಂದ ಭೀಮೇಶ. “ನಿನ್ನೆ ಎಳಿಸ್ಕೊಂಡು ಹೋಗಿ ದಾವಣಗೆರೆ ಗುಜರಿಗೆ ಕೊಟ್ಟೆ ಕಣಪ್ಪ. ಎದುರಿಗೇ ನಿಂತು ತುಂಡು ಮಾಡಿಸಿದೆ, ಆಮೇಲೆ ಯಾರೂ ಅದನ್ನ ಓಡಿಸ್ಬಾರ್ದು ಅಂತ. ಗುಜರಿಯೋನು ಚಾಲೂ ಮಾಡಿ ನೋಡಿ, ‘ಇಂಜಿನ್ನು ಚೆನ್ನಾಗೈತಲ್ಲಮ್ಮ, ಯಾಕೆ ಒಡಿಸ್ತೀರಿ’ ಅಂದ. ಹುಷಾರಿಲ್ಲದ ಮಗು ಡಾಕ್ಟ್ರ ಮುಂದೆ ಹಂಗೇ ಆಡೋದು ಅಂದೆ.” ಸಾವಂತ್ರಮ್ಮ ಒಳಗೆ ಹೋಗಿ ಒಂದು ಪಂಚೆ, ಒಂದು ಟವೆಲ್ಲು ತಂದು ಅವನ ಕೈಗಿಟ್ಟರು. “ಬೇಜಾರ್ ಮಾಡ್ಕೋಬ್ಯಾಡ. ಆಸ್ಪತ್ರೆಯಾಗೆ ಅವರು ನನ್ನ ಕೈ ಹಿಡ್ಕೊಂಡು ಹೇಳಿದ್ರು, ವರ್ಷ ತುಂಬಿದ ಮೇಲೆ ಗಾಡಿ ಭೀಮೇಶಂಗೆ ಕೊಡು, ಅವನೇ ಅದನ್ನ ಸಾಕಿದೋನು ಅಂತ. ಕೊಡೋ ತನಕ ಬಾಯಿ ಬಿಡಬಾರ್ದು ಅಂತ ಸುಮ್ನಿದ್ದೆ. ಆದ್ರೆ ಕೆಟ್ಟ ವಸ್ತು ದಾನ ಕೊಡಬಾರ್ದು ಅಂತ ನೀನೇ ಅಂದ್ಯಲ್ಲ. ಅದ್ರಾಗೆ ನಿನ್ನ ಹೆಂಡ್ತಿ ಮಕ್ಳು ಕೂತಿದ್ದಾಗ ಬೆಂಕಿ ಹತ್ತಿದ್ರೆ ನಾನು ನಮ್ಮ ಯಜಮಾನ್ರಿಗೆ ಏನಂತ ಉತ್ರ ಕೊಡ್ಲಿ?” ಆಕೆ ಕಣ್ಣೊರೆಸಿಕೊಂಡು, ಏನೋ ನೆನಪಾದವರಂತೆ ನಲ್ಲಿಯ ಕಡೆ ನೋಡಿದರು. “ಹನ್ನೊಂದನೇ ದಿನದ ತಿಥಿಯಾಗೆ ಅಲ್ಲೇ ನಿಂತು ಕೇಳಿದ್ನಲ್ಲ ನಿನ್ನ, ಮನೆ ಮುಂದೆ ಕಾರು ನಿಲ್ಸಾಕೆ ಜಾಗ ಐತಾ ಅಂತ. ಅದು ಇದಕ್ಕೇ ಕಣಪ್ಪ.”