ನಾಲ್ಕನೆಯ ಉಪಗ್ರಹ

ಮಧು ಸೆಟ್ಟೂರಿನಾಚೆಯ ಬಂಡೆಗುಡ್ಡದಲ್ಲಿ ಅಡಗಬೇಕು. ತ್ರಿವೇಣಿ, ರಾಜೇಶ್ ಅವನನ್ನು ಹುಡುಕಬೇಕು. ಮೊಬೈಲ್ ಸಿಗ್ನಲ್ ಸಿಗದ ಕಡೆ ದಾರಿ ತಪ್ಪಿದವರನ್ನು ತೋರಿಸುವ ಪೆಟ್ಟಿಗೆಗಳ ಜೋಡಿಯನ್ನು ಮೂವರೂ ಹಿಂದೂಪುರದ ತಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಕಟ್ಟಿದ್ದರು. ಇವತ್ತು ಅದರ ಪರೀಕ್ಷೆ. ಒಂದನ್ನು ಹಿಡಿದು ಮಧು ಮೊದಲೇ ಹೋಗಿದ್ದ; ರೇಡಿಯೊದಲ್ಲಿ ಅದರೊಡನೆ ಮಾತಾಡುವ ಇನ್ನೊಂದು ಇವರಿಬ್ಬರ ಕೈಯಲ್ಲಿತ್ತು.

ಉಪಗ್ರಹಗಳ ಮಾಹಿತಿಯನ್ನು ಮಧ್ಯಾಹ್ನ, ಸಿಗ್ನಲ್ ಇದ್ದ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲೇ ತುಂಬಿಸಿಕೊಂಡಿದ್ದರು. ಅಮೆರಿಕ, ರಷ್ಯಾ, ಭಾರತ, ಒಬ್ಬೊಬ್ಬರದು ಒಂದೊಂದು ಬಗೆಯ ಲೆಕ್ಕ. ತ್ರಿವೇಣಿ ಎಲ್ಲವನ್ನೂ ಒಂದೇ ಅಚ್ಚಿಗೆ ಹೊಯ್ದಿದ್ದಳು. ಅದೇ ಅವಳ ಹೆಮ್ಮೆ.

ಗುಡ್ಡವೆಂದರೆ ಆನೆಗಾತ್ರದ ಬಂಡೆಗಳ ರಾಶಿ. ಬಂಡೆಗಳ ನಡುವೆ ಕೊರಕಲು, ಕೊರಕಲೊಳಗೆ ಮುಳ್ಳುಪೊದೆ, ಅದರಡಿಯಲ್ಲಿ ಕತ್ತಲೆಯ ಗವಿ. ಒಂದರಂತೆಯೇ ಇನ್ನೊಂದು. ಕುರಿ ಹೊಡೆದುಕೊಂಡು ಇಳಿಯುತ್ತಿದ್ದ ಸೆಟ್ಟೂರಿನ ರಾಮಕ್ಕ ಇವರನ್ನು ಕಂಡು ನಿಂತಳು.

"ಹೊತ್ತು ಮುಳುಗಿದ್ರೆ ಕರಡಿ ಈಚೆಗೆ ಬತ್ತದೆ ಕಣಮ್ಮ. ಬಿರ್‍ರನೆ ಇಳೀರಿ."

ಆಗಲೇ ಪೆಟ್ಟಿಗೆ ಕೂಗಿತು. ಮಧುವಿನ ಸಂದೇಶ: "ಬಿದ್ದೆ. ಕಾಲು ಮುರಿದದೆ. ಕೊರಕಲಲ್ಲಿವ್ನಿ."

ಪರದೆಯ ಮೇಲೆ ಅವನ ಚುಕ್ಕೆ ಬಡಗಣ ಇಳಿಜಾರಿನಲ್ಲಿತ್ತು. ಇಬ್ಬರೂ ಓಡಿದರು. ಮುಳ್ಳು ಗೀರಿತು, ಬಂಡೆ ಜಾರಿತು. ಕೂಗಿದರೆ ಉತ್ತರವಿಲ್ಲ.

ತ್ರಿವೇಣಿ ಪರದೆ ನೋಡಿದಳು. ಚುಕ್ಕೆ ಇನ್ನಷ್ಟು ಆಚೆಗೆ ಸರಿದಿತ್ತು.

"ಅಲ್ಲವ್ನೆ, ನಡಿಯಕ್ಕಾ!" ಎಂದ ರಾಜೇಶ್.

"ನಿಲ್ಲೋ. ಕಾಲು ಮುರಿದೋನು ಹೆಂಗೋ ನಡೀತಾನೆ?"

ಅವಳಿಗೆ ತನ್ನ ತಪ್ಪು ಹೊಳೆಯಿತು. ಅಮೆರಿಕದ್ದೂ ನಮ್ಮದೂ ಉಪಗ್ರಹ ಸುತ್ತುವ ದಾರಿಯನ್ನೇ ಹೇಳುತ್ತವೆ. ಅದು ತಾಸುಗಟ್ಟಲೆ ಬಾಳುತ್ತದೆ. ರಷ್ಯಾದ್ದು ಈ ಗಳಿಗೆ ಎಲ್ಲಿದೆ, ಎತ್ತ ಓಡುತ್ತಿದೆ ಎಂದಷ್ಟೇ ಹೇಳುತ್ತದೆ, ಬೇಗ ಹಳಸುತ್ತದೆ. ಎಲ್ಲಕ್ಕೂ ಒಂದೇ ಅಚ್ಚು ಮಾಡುವ ಭರದಲ್ಲಿ ಅವಳು ಇಷ್ಟು ಹೊತ್ತಿನ ಮೇಲೆ ಬಳಸಬಾರದೆಂಬ ಒಂದೇ ಗಡುವನ್ನೂ ಹಾಕಿಬಿಟ್ಟಿದ್ದಳು. ಹಳಸಿದ ಲೆಕ್ಕ ಚುಕ್ಕೆಯನ್ನು ಎಳೆದಾಡುತ್ತಿತ್ತು.

ರಷ್ಯಾದವನ್ನು ಬಿಟ್ಟು ಲೆಕ್ಕ ಹಾಕು ಎಂದು ಮಧುವಿನ ಪೆಟ್ಟಿಗೆಗೆ ಆಜ್ಞೆ ಕಳಿಸಿದಳು.

ಚುಕ್ಕೆ ಮಾಯವಾಯಿತು.

"ಅಯ್ಯೋ, ಇದ್ದಿದ್ದೊಂದನ್ನೂ ಅಳಿಸ್ಬುಟ್ಟೆಯಲ್ಲಕ್ಕ!"

"ಕೊರಕಲಿಂದ ಮೂರೇ ಉಪಗ್ರಹ ಕಾಣ್ತಾವೆ. ಜಾಗ ಹೇಳೋಕೆ ನಾಲ್ಕು ಬೇಕು. ಇನ್ನೊಂದು ಬಂಡೆ ಮೇಲಕ್ಕೆ ಬತ್ತಾ ಅದೆ."

"ಯಾವಾಗ? ಕರಡಿ ಬಂದ ಮೇಲಾ?"

ಸಂಜೆಯ ಬಿಸಿಲು ಬಂಡೆಗಳ ನೆತ್ತಿಗೆ ಹತ್ತಿತ್ತು. ರಾಜೇಶ್ ನಾಲ್ಕು ಹೆಜ್ಜೆ ಹೋದ, ಬೈದ, ವಾಪಸು ಬಂದ. ಕೆಳಗೆಲ್ಲೋ ಏನೋ ಗುಟುರು ಹಾಕಿತು.

ಟಣ್ ಎಂದಿತು ಪೆಟ್ಟಿಗೆ.

ಚುಕ್ಕೆ! ತೆಂಕಣ ಕೊರಕಲು. ಅವರು ಬೆನ್ನು ಹಾಕಿ ಬಂದ ಕಡೆಯೇ.

ಓಡಿದರು, ಜಾರಿದರು, ತೆವಳಿದರು. ಪೊದೆಯಡಿ ಮಧು ಬಂಡೆಗೊರಗಿ ಕುಳಿತಿದ್ದ. ಎದುರಿನ ಗವಿಯ ಬಾಯಲ್ಲಿ ಕಪ್ಪಗೆ ಏನೋ ಅಲುಗಿತು. ರಾಜೇಶ್ ಕಲ್ಲಿನಿಂದ ನೀರಿನ ಕ್ಯಾನನ್ನು ಬಡಿಯುತ್ತ ಅರಚಿದ. ತ್ರಿವೇಣಿ ಮಧುವನ್ನು ಬೆನ್ನಿಗೇರಿಸಿದಳು. ಕಪ್ಪು ಒಳಕ್ಕೆ ಸರಿಯಿತು.

ರಾಮಕ್ಕ ಕೆಳಗೆ ಕಾಯುತ್ತಿದ್ದಳು. ಅವಳ ಕಂಬಳಿಯಲ್ಲಿ ಅವನನ್ನು ಹೊತ್ತು ರಸ್ತೆ ಮುಟ್ಟಿಸಿದರು.

ಆಟೋದಲ್ಲಿ ಮಧು ಹಲ್ಲುಕಚ್ಚಿ ಕೇಳಿದ: "ಟೆಸ್ಟ್ ಪಾಸಾ?"

"ನೀನು ಪಾಸು ಕಣ್ಲಾ," ಎಂದ ರಾಜೇಶ್. "ಅಕ್ಕಂದು ಸಪ್ಲಿಮೆಂಟರಿ."

ಕಲ್ಯಾಣದುರ್ಗದ ದೀಪಗಳು ಕಂಡವು, ಸಿಗ್ನಲ್ ಬಂತು. ತ್ರಿವೇಣಿ ಒಂದು ಕೈಯಲ್ಲಿ ಮಧುವಿನ ಕಾಲನ್ನು ಕುಲುಕದಂತೆ ಹಿಡಿದು, ಇನ್ನೊಂದರಲ್ಲಿ ರಷ್ಯಾದ ಉಪಗ್ರಹಗಳಿಗೆ ಬೇರೆ ಗಡುವು ಬರೆಯತೊಡಗಿದಳು.